ಕುಡಿಯುವ ನೀರಿನ ಹೆಸರು ಹೊತ್ತ ಕೋಟೆ

ಕಣಕುಂಬಿಯಿಂದ ಚೋರ್ಲಾ ಘಾಟ್ ಇಳಿದು ಪಣಜಿಗೆ ಹೋಗುವ ಬಸ್ಸಿನಲ್ಲಿ ಕೂತರೆ, ಎರಡು ನದಿಗಳನ್ನು ಬೇರ್ಪಡಿಸುವ ದಿಬ್ಬವನ್ನು ದಾಟಿದ್ದೇ ಗೊತ್ತಾಗುವುದಿಲ್ಲ. ನಮ್ಮೂರಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹೊರಳಿ, ಐಹೊಳೆ, ಪಟ್ಟದಕಲ್ಲುಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ಖಾನಾಪುರ ತಾಲ್ಲೂಕಿನ ದೇಗಾವದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡೋವಿಯಾಗಿ ಅರಬ್ಬಿ ಸಮುದ್ರ ಸೇರುತ್ತಾಳೆ. ಮೊದಲನೆಯವಳ ದಂಡೆಯಲ್ಲಿ ಕನ್ನಡಕ್ಕೆ ಶಿಲ್ಪವಿದೆ, ಶಾಸನವಿದೆ, ವಚನಗಳ ನೆನಪಿದೆ. ಎರಡನೆಯವಳ ಬಗ್ಗೆ ನಮ್ಮಲ್ಲಿರುವುದು ಹೆಚ್ಚಾಗಿ ಟಿಎಂಸಿ ಲೆಕ್ಕ.

ಆ ನದಿಗೆ ಎರಡು ತುದಿಗಳಲ್ಲಿ ಎರಡು ಕೋಟೆಗಳಿವೆ ಎಂಬುದನ್ನು ನಾನೂ ತಡವಾಗಿಯೇ ಗಮನಿಸಿದೆ. ಉಗಮದ ಕಡೆ ಭೀಮಗಡ: 17ನೇ ಶತಮಾನದಲ್ಲಿ ಪೋರ್ಚುಗೀಸರ ಮೇಲೆ ಕಣ್ಣಿಡಲು ಶಿವಾಜಿ ಕಟ್ಟಿಸಿದ ಗಿರಿದುರ್ಗ. ಸಮುದ್ರ ಸೇರುವಲ್ಲಿ ಅಗ್ವಾದ: 1612ರಲ್ಲಿ ಪೋರ್ಚುಗೀಸರು ಡಚ್ಚರ ಭಯಕ್ಕೆ ಕಟ್ಟಿ ಮುಗಿಸಿದ್ದು. ಕನ್ನಡದ ಐತಿಹಾಸಿಕ ಕಾದಂಬರಿಗಳಲ್ಲಿ ಕೋಟೆ ಎಂಬ ನನ್ನ ಸಂಶೋಧನೆಯೊಳಗೆ ಅಗ್ವಾದವನ್ನು ತರಲು ಹೊರಟಾಗ ಹಿರಿಯರೊಬ್ಬರು, ‘ಅದು ಗೋವಾದ್ದಲ್ಲವೇನಮ್ಮ, ನಿನ್ನ ವ್ಯಾಪ್ತಿಗೆ ಬರುವುದಿಲ್ಲ’ ಎಂದರು. ನದಿಯ ನೀರಿಗಾಗಿ ಮೂರು ರಾಜ್ಯಗಳು ನ್ಯಾಯಮಂಡಳಿಯ ಮುಂದೆ ನಿಲ್ಲಬಹುದಾದರೆ, ಅದೇ ನದಿಯ ಕೋಟೆ ನಮ್ಮ ಓದಿನ ವ್ಯಾಪ್ತಿಗೆ ಏಕೆ ಬರಬಾರದು?

ತೊಡಕು ಗಡಿಯದ್ದಷ್ಟೇ ಅಲ್ಲ. ಕೋಟೆಯನ್ನು ಓದಲು ನಾವು ರೂಢಿಸಿಕೊಂಡ ಕ್ರಮದ್ದೂ ಹೌದು. ನಮ್ಮ ಕಲ್ಪನೆಯ ಕೋಟೆ ಎಂದರೆ ಚಿತ್ರದುರ್ಗ. ಒಳಗೆ ನಮ್ಮವರು, ಹೊರಗೆ ಶತ್ರು. ಕಿಂಡಿಯ ಬಳಿ ಒನಕೆ ಹಿಡಿದ ಓಬವ್ವ. ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ಓದುಗರು ಕೋಟೆ ಬಿದ್ದಾಗ ತಮ್ಮದೇ ಮನೆ ಬಿದ್ದಂತೆ ಸಂಕಟಪಡುತ್ತಾರೆ. ಆ ಸಂಕಟ ನಿಜವಾದದ್ದು. ಆದರೆ ಹೊರಗಿನಿಂದ ಬಂದವರೇ ಗೋಡೆ ಕಟ್ಟಿ ಒಳಗೆ ಕೂತಾಗ, ನೆಲದವರು ಹೊರಗುಳಿದಾಗ, ಈ ಓದು ಕೈಕೊಡುತ್ತದೆ. ಆಗ ಉಳಿಯುವುದು ಪ್ರವಾಸಿ ಬರಹದ ಭಾಷೆ: ‘ಭವ್ಯ’, ‘ರಮಣೀಯ’, ‘ಸೂರ್ಯಾಸ್ತಕ್ಕೆ ಸೂಕ್ತ’.

ಅಗ್ವಾದದಲ್ಲಿ ಕಣ್ಣಿಗೆ ಮೊದಲು ಬೀಳುವುದು ಎತ್ತರವಲ್ಲ, ತಗ್ಗು. ಜಂಬಿಟ್ಟಿಗೆ ಕಲ್ಲಿನ ಗೋಡೆಗಳು ದಪ್ಪ, ಕುಳ್ಳು, ಒಳಕ್ಕೆ ವಾಲಿದಂಥವು. ಸುತ್ತ ಒಣ ಕಂದಕ. ಎತ್ತರದ ಗೋಡೆ ಏಣಿ ಹಾಕಿ ಹತ್ತುವವರನ್ನು ತಡೆಯುತ್ತದೆ, ಆದರೆ ಫಿರಂಗಿಗೆ ಸುಲಭದ ಗುರಿ. ತಗ್ಗಿನ ಇಳಿಜಾರು ಗೋಡೆ ಗುಂಡಿನ ಪೆಟ್ಟನ್ನು ಜಾರಿಸಿಬಿಡುತ್ತದೆ. ಮೂಲೆಗಳಿಂದ ಮುಂಚಾಚಿದ ಕೊತ್ತಳಗಳಲ್ಲಿ ನಿಂತವರಿಗೆ ಪಕ್ಕದ ಗೋಡೆಯ ಬುಡದವರೆಗೂ ಕಾಣುತ್ತದೆ. ಕೋಟೆಗೆ ಎರಡು ಭಾಗ. ಕೆಳಗಿನದು ಹಡಗುಗಳು ನಿಲ್ಲುವ ಆಶ್ರಯ, ಮೇಲಿನದು ಕಾವಲು ಮತ್ತು ನೀರಿನ ಉಗ್ರಾಣ.

ನೀರೇ ಇಲ್ಲಿನ ಮುಖ್ಯ ಮಾತು. ‘ಅಗ್ವಾದ’ ಎಂದರೆ ಪೋರ್ಚುಗೀಸಿನಲ್ಲಿ ನೀರು ತುಂಬಿಕೊಳ್ಳುವ ಜಾಗ. ದೂರ ಪ್ರಯಾಣದ ಹಡಗುಗಳು ಇಲ್ಲಿ ಸಿಹಿನೀರು ತುಂಬಿಕೊಳ್ಳುತ್ತಿದ್ದವು. ಮೇಲಿನ ಅಂಗಳದ ಅಡಿಯಲ್ಲಿ, ಕಂಬಗಳ ಮೇಲೆ ನಿಂತ ತೊಟ್ಟಿಯ ಸಾಮರ್ಥ್ಯ 23,76,000 ಗ್ಯಾಲನ್, ಅಂದರೆ ಸುಮಾರು ಒಂದು ಕೋಟಿ ಲೀಟರ್. ಎದುರಿಗೇ ಇಡೀ ನದಿ ಹರಿಯುವಾಗ ಇಷ್ಟು ದೊಡ್ಡ ತೊಟ್ಟಿ ಏಕೆ? ಅಳಿವೆಯಲ್ಲಿ ನದಿಯ ನೀರು ಉಪ್ಪು. ಉಬ್ಬರದೊಂದಿಗೆ ಉಪ್ಪು ನದಿಯೊಳಗೆ ಹತ್ತಾರು ಕಿಲೋಮೀಟರ್ ಏರುತ್ತದೆ. ನದಿಯ ಬಾಯಿಯನ್ನೇ ಹಿಡಿದು ಕೂತವರಿಗೂ ಅದರ ನೀರು ಕುಡಿಯಲು ಒದಗಲಿಲ್ಲ. ಊಟೆ ಮತ್ತು ಮಳೆಯನ್ನು ನಂಬಬೇಕಾಯಿತು. ಈ ಕಟ್ಟಡದ ಅತ್ಯಂತ ಜಾಣತನದ ಭಾಗ ಫಿರಂಗಿಯ ಕೊತ್ತಳವಲ್ಲ, ಕಾಲ ಕೆಳಗೆ ಅಡಗಿರುವ ಈ ತೊಟ್ಟಿ. ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವುದು ಅದರ ನೆತ್ತಿಯ ಮೇಲೆ ನಿಂತು, 1864ರ ದೀಪಸ್ತಂಭದ ಜೊತೆಗೆ.

ಈ ತೊಟ್ಟಿಯನ್ನು ನೋಡಿದ ಮೇಲೆ ನಮ್ಮ ಜಗಳದ ಅಂಕಿಗಳೂ ಬೇರೆಯಾಗಿ ಕಂಡವು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ್ದು 13.42 ಟಿಎಂಸಿ. ಒಂದೇ ಒಂದು ಟಿಎಂಸಿ ಹಿಡಿಸಲು ಅಗ್ವಾದದ ತೊಟ್ಟಿಯಂಥವು ಎರಡೂವರೆ ಸಾವಿರಕ್ಕೂ ಹೆಚ್ಚು ಬೇಕು. ಹುಬ್ಬಳ್ಳಿ-ಧಾರವಾಡದ ಬಾಯಾರಿಕೆ ಸುಳ್ಳಲ್ಲ. ಮೇಲಿನಿಂದ ಸಿಹಿನೀರು ಕಡಿಮೆಯಾದರೆ ಉಪ್ಪು ಇನ್ನೂ ಒಳಗೆ ಬರುತ್ತದೆ ಎಂಬ ಗೋವೆಯ ಅಂಜಿಕೆಯೂ ಬರಿ ರಾಜಕೀಯವಲ್ಲ. ಆ ಅಂಜಿಕೆಯ ಹಳೆಯ ಕಲ್ಲಿನ ಸಾಕ್ಷಿ ಈ ತೊಟ್ಟಿ.

ಇಷ್ಟಾದರೂ ಅಗ್ವಾದ ಕನ್ನಡಕ್ಕೆ ಹೊರಗಿನದೇ ಎನ್ನುವವರಿಗೆ ಕೆಳಕೋಟೆಯ ಜೈಲನ್ನು ತೋರಿಸಬೇಕು. 1946ರ ಜೂನ್ 18ರಂದು ಮಡಗಾಂವಿನಲ್ಲಿ ನಾಗರಿಕ ಹಕ್ಕುಗಳಿಗಾಗಿ ದನಿಯೆತ್ತಿದ ರಾಮಮನೋಹರ ಲೋಹಿಯಾ, ಅದೇ ವರ್ಷ ಮತ್ತೆ ಗೋವೆಗೆ ಹೊರಟಾಗ ಬಂಧಿತರಾಗಿ ಇಲ್ಲಿ ಸೆರೆಯಿದ್ದರು. ಶಾಂತವೇರಿ ಗೋಪಾಲಗೌಡರ ರಾಜಕಾರಣವನ್ನು, ಅನಂತಮೂರ್ತಿ, ಲಂಕೇಶ್, ತೇಜಸ್ವಿಯವರ ಬರವಣಿಗೆಯನ್ನು ಲೋಹಿಯಾರನ್ನು ಬಿಟ್ಟು ವಿವರಿಸಲಾಗದು. ನಮ್ಮ ವಿಮರ್ಶೆ ಲೋಹಿಯಾರ ವಿಚಾರಗಳನ್ನು ಎಷ್ಟೋ ಸಲ ಚರ್ಚಿಸಿದೆ. ಅವರನ್ನು ಕೂಡಿಹಾಕಿದ್ದ ಗೋಡೆಗಳು ಮಹದಾಯಿಯ ಅಳಿವೆಯಲ್ಲಿವೆ ಎಂಬುದನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಹೊರಗಿನವರನ್ನು ತಡೆಯಲು ಕಟ್ಟಿದ ಕೋಟೆ ಕೊನೆಗೆ ಒಳಗಿನವರನ್ನು ತಡೆಯುವ ಜೈಲಾಯಿತು. ಈಗ ಅದು ವಸ್ತುಸಂಗ್ರಹಾಲಯ.

ಸಂಜೆಯ ಬಸ್ಸಿಗೆ ಊರಿಗೆ ಮರಳಿದೆ. ಕಣಕುಂಬಿಯಲ್ಲಿ ಕಳಸಾ ನಾಲೆಗಾಗಿ ಅಗೆದು ಅರ್ಧಕ್ಕೆ ನಿಂತ ಕಾಲುವೆಯಲ್ಲಿ ಮಳೆನೀರು ನಿಂತಿತ್ತು, ಎರಡೂ ಬದಿಗೆ ಅದೇ ಕೆಂಪು ಮಣ್ಣು. ಪ್ರಬಂಧದಲ್ಲಿ ಅಗ್ವಾದದ ಅಧ್ಯಾಯವನ್ನು ಬಿಡದಿರಲು ಅಲ್ಲೇ ತೀರ್ಮಾನಿಸಿದೆ. ಅದು ನನ್ನ ವ್ಯಾಪ್ತಿಯಲ್ಲಿ ಬರುವುದಿಲ್ಲ ಎಂದವರಿಗೆ ಮೊದಲು ಈ ಕಾಲುವೆಯನ್ನೇ ತೋರಿಸಬೇಕೆಂದಿದ್ದೇನೆ.