ತಮಟೆ ಕಾಯಿಸುವ ಹೊತ್ತು

ತಮಟೆಯನ್ನು ಹೊಗಳುವವರು ಅದರ ಅಬ್ಬರವನ್ನೇ ಹೊಗಳುತ್ತಾರೆ. ನನ್ನ ಮೆಚ್ಚುಗೆ ಅದನ್ನು ಬಾರಿಸದೆ ಇರುವ ಹೊತ್ತಿಗೆ. ಬಂಗಾರಪೇಟೆ, ಕೆಜಿಎಫ್ ಸೀಮೆಯ ತಮಟೆಗಾರನಿಗೆ ಎರಡು ಪ್ರದರ್ಶನಗಳ ನಡುವೆಯೇ ಅರ್ಧ ಕಲೆ. ತೇವಕ್ಕೆ ಚರ್ಮ ಸಡಿಲಾಗುತ್ತದೆ. ಒಣಹುಲ್ಲಿನ ಉರಿಗೆ ಹಿಡಿದು ಬಿಗಿ ಮಾಡಬೇಕು. ಕಾವು ಹೆಚ್ಚಾದರೆ ಚರ್ಮ ಸೀಳುತ್ತದೆ, ಕಡಿಮೆಯಾದರೆ ನಾದ ಮಂಕು. ಎಷ್ಟು ಸಾಕೆಂಬುದನ್ನು ಬೆರಳಿನ ಒಂದು ತಟ್ಟು ಹೇಳುತ್ತದೆ. ಆ ಕಿವಿ ಬರಲು ವರ್ಷಗಳೇ ಬೇಕು.

ಅದೇ ಚರ್ಮದ ಮೇಲೆ ಜಾತ್ರೆಗೊಂದು ಗತ್ತು, ಸಾವಿಗೊಂದು, ನಾಟಕದ ವೇದಿಕೆಗೆ ಇನ್ನೊಂದು. ಬೆಳಿಗ್ಗೆ ಮೆರವಣಿಗೆ, ಸಂಜೆ ತಾಲೀಮು. ನಡುವೆ ಕೂಲಿ, ಇಲ್ಲವೇ ಬೆಂಗಳೂರಿನ ಕೆಲಸ. 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲಂತೂ ಬೆಂಗಳೂರಿಗೆ ಹೋಗುವ ಮಾರಿಕುಪ್ಪಂ ರೈಲೇ ಈ ಊರಿನ ಅನ್ನದ ದಾರಿ. ಕೇಳುಗರೂ ಒಂದೇ ಬಗೆಯವರಲ್ಲ: ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು. ತಮಟೆಗೆ ಅನುವಾದ ಬೇಡ ಅನ್ನುವುದು ಸುಲಭದ ಮಾತು. ಯಾವ ಗುಂಪು ಯಾವ ಹೊಡೆತಕ್ಕೆ ಕುಣಿಯುತ್ತದೆಂದು ಬಾರಿಸುವವನು ಕಲಿತಿರಲೇಬೇಕು.

ಊರು ದಲಿತರ ಮೇಲೆ ಹೇರಿದ ಚಾಕರಿಯಾಗಿತ್ತು ಈ ವಾದ್ಯ. ಅದನ್ನು ಹೋರಾಟದ ಹಾಡಿನ ಜೊತೆ ತಲೆಯೆತ್ತಿ ನಿಲ್ಲಿಸಿದ್ದು ದಲಿತ ಚಳವಳಿ. ಕೋಲಾರದ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರದ ‘ಹುಣ್ಣಿಮೆ ಹಾಡು’ ಕಾರ್ಯಕ್ರಮ ಇಂಥ ಕಲೆಗಳಿಗೆ ತಿಂಗಳಿಗೊಂದು ಅಂಗಳ ಕೊಟ್ಟಿತು. ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷವೇ. ಆದರೂ ಸಂಭಾವನೆ ಕೊಡುವವರು ಬಾರಿಸಿದ ಗಂಟೆಯನ್ನಷ್ಟೇ ಎಣಿಸುತ್ತಾರೆ, ಕಾಯಿಸಿದ್ದನ್ನಲ್ಲ.