ಬಿರುಗಾಳಿಯ ರಾತ್ರಿಗೆ ಅಷ್ಟೊಂದು ಶ್ರೇಯ ಬೇಡ

ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವವರ ಕಥೆಗೆ ಒಂದು ಸಿದ್ಧ ಅಚ್ಚು ಇದೆ. ಮೊದಲು ಕುಡಿತ, ಸಾಲ, ಜಗಳ. ಆಮೇಲೆ ಒಂದು ರಾತ್ರಿಯ ಕಣ್ಣೀರು. ಅಂದಿನಿಂದ ಬತ್ತದ ಸಂತೋಷ. ಈ ಅಚ್ಚಿಗೆ ಆಧಾರವಾಗಿ ಬೋಧಕರು ಮತ್ತೆ ಮತ್ತೆ ತರುವ ಹೆಸರು ಜಾನ್ ನ್ಯೂಟನ್. ಗುಲಾಮರನ್ನು ಸಾಗಿಸುತ್ತಿದ್ದ ಇಂಗ್ಲಿಷ್ ಕ್ಯಾಪ್ಟನ್ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ, ಬದುಕಿ ಬಂದವನೇ ಆ ದಂಧೆ ಬಿಟ್ಟ, 'ಅಮೇಜಿಂಗ್ ಗ್ರೇಸ್' ಬರೆದ. ಹಡಗನ್ನು ಅಲ್ಲೇ ಹಿಂದಕ್ಕೆ ತಿರುಗಿಸಿ ಗುಲಾಮರನ್ನು ಊರು ಮುಟ್ಟಿಸಿದ ಎಂದು ಉಪ್ಪುಖಾರ ಹಚ್ಚುವವರೂ ಇದ್ದಾರೆ.

ಬಿರುಗಾಳಿ ನಿಜ. 1748ರ ಮಾರ್ಚ್, 'ಗ್ರೇಹೌಂಡ್' ಎಂಬ ಹಡಗು. ಆದರೆ ಅದರಲ್ಲಿದ್ದ ಸರಕು ಜೇನುಮೇಣ, ಬಣ್ಣ ತೆಗೆಯುವ ಮರ, ದಂತ. ನ್ಯೂಟನ್ ಅದರ ಕ್ಯಾಪ್ಟನ್ ಆಗಿರಲಿಲ್ಲ, ಅದರಲ್ಲಿ ಊರಿಗೆ ಮರಳುತ್ತಿದ್ದವನು, ಅಷ್ಟೆ. ಅದೇ ವರ್ಷ ಅವನು ಗುಲಾಮರ ಹಡಗೊಂದರಲ್ಲಿ ಅಧಿಕಾರಿಯಾಗಿ ಸೇರಿದ. 1750ರಿಂದ 1754ರೊಳಗೆ ಮೂರು ಸಲ ಕ್ಯಾಪ್ಟನ್ ಆಗಿಯೇ ಆಫ್ರಿಕಕ್ಕೆ ಹೋಗಿ ಜನರನ್ನು ತುಂಬಿಕೊಂಡು ಬಂದ. ಅಂದರೆ ಕ್ಯಾಪ್ಟನ್‌ಗಿರಿ ಬಂದದ್ದು ಪರಿವರ್ತನೆಗೆ ಮೊದಲಲ್ಲ, ಆಮೇಲೆ. ಕೊನೆಗೆ ಸಮುದ್ರ ಬಿಟ್ಟದ್ದೂ ಮನಸ್ಸಾಕ್ಷಿ ಚುಚ್ಚಿದ್ದರಿಂದಲ್ಲ, 1754ರಲ್ಲಿ ಮೈಗೆ ಸೆಳವು ಬಂದು ಬಿದ್ದದ್ದರಿಂದ. ಮರುವರ್ಷ ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿಯಾದ. ಹಾಡು ಹುಟ್ಟಿದ್ದು ಬಿರುಗಾಳಿಯ ಸುಮಾರು 25 ವರ್ಷಗಳ ನಂತರ, ಅವನು ಆಗ ಬೋಧಕನಾಗಿದ್ದ ಓಲ್ನಿ ಎಂಬ ಸಣ್ಣ ಊರಿನಲ್ಲಿ, 1773ರ ಜನವರಿ 1ರ ಬೋಧನೆಗಾಗಿ.

ತಾರೀಖುಗಳ ಎಡವಟ್ಟನ್ನು ಕ್ಷಮಿಸಬಹುದು. ನನ್ನ ತಕರಾರು ಸಂತೋಷದ ಬಗ್ಗೆ. 1764ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿ ನ್ಯೂಟನ್ ಒಂದು ಮಾತು ಹೇಳಿಕೊಂಡಿದ್ದಾನೆ: ದೇವರೊಂದಿಗೆ ಅತ್ಯಂತ ಸಿಹಿಯಾದ ಒಡನಾಟದ ಗಳಿಗೆಗಳು ತನಗೆ ದೊರೆತದ್ದು ಗಿನಿ ಕರಾವಳಿಯ ಕಡೆಯ ಎರಡು ಯಾನಗಳಲ್ಲಿ. ಆ ಯಾನಗಳ ದಿನಚರಿಯೂ ಉಳಿದಿದೆ. 1752ರ ಡಿಸೆಂಬರ್‌ನಲ್ಲಿ ದಂಗೆಯ ಗುಮಾನಿ ಬಂದಾಗ ಹುಡುಗರಿಗೆ ಬೇಡಿ ಹಾಕಿಸಿ, ಹೆಬ್ಬೆರಳು ಹಿಂಡುವ ತಿರುಪು ಬಿಗಿಸಿ ಬಾಯಿ ಬಿಡಿಸಿದ ವಿವರ ಅದರಲ್ಲಿದೆ. ಮೇಲ್ಗಡೆ ಕೋಣೆಯಲ್ಲಿ ಧ್ಯಾನ, ಕೆಳಗಡೆ ಸರಪಳಿ. ಆ ಸಂತೋಷ ಸುಳ್ಳಲ್ಲ, ಅವನು ನಟಿಸುತ್ತಿರಲಿಲ್ಲ. ಭಯ ಹುಟ್ಟಿಸುವುದು ಅದೇ. ನಿಜವಾದ ಸಂತೋಷವೇ ಅವನಿಗೆ ಕೆಳಗಿನ ದನಿ ಕೇಳದಂತೆ ಕಿವಿ ಮುಚ್ಚಿತ್ತು.

'ಕಾಲವೇ ಹಾಗಿತ್ತು' ಎನ್ನುವುದು ಸುಲಭದ ಸಮಾಧಾನ. ಅವನು ಸಮುದ್ರ ಬಿಟ್ಟ ಅದೇ 1754ರಲ್ಲಿ, ಅಮೆರಿಕದಲ್ಲಿ, ಜಾನ್ ವುಲ್ಮನ್ ಎಂಬ ಕ್ವೇಕರ್ ದರ್ಜಿ ಗುಲಾಮಗಿರಿಯ ವಿರುದ್ಧ ಪುಸ್ತಕ ಅಚ್ಚು ಹಾಕಿಸಿದ. ಅದೇ ಕಾಲ, ಅದೇ ಕ್ರಿಸ್ತ, ಅದೇ ಬೈಬಲ್. ಹಾಗೆಂದು 'ನಂಬಿಕೆ ಯಾರನ್ನೂ ಬದಲಿಸುವುದಿಲ್ಲ' ಎಂದು ನಗುವ ವಿಚಾರವಾದಿಗಳ ಪಕ್ಕ ನಾನು ಕೂರಲಾರೆ. ನ್ಯೂಟನ್ ಬದಲಾದ. 1788ರಲ್ಲಿ, ಸಮುದ್ರ ಬಿಟ್ಟ 34 ವರ್ಷಗಳ ಮೇಲೆ, ಗುಲಾಮರ ವ್ಯಾಪಾರದ ಬಗ್ಗೆ ಒಂದು ಕಿರುಹೊತ್ತಿಗೆ ಬರೆದು ತನ್ನ ಪಾಲನ್ನು ನಾಚಿಕೆಯಿಂದ ಒಪ್ಪಿಕೊಂಡ, ಈ ಒಪ್ಪಿಗೆ ತಡವಾಯಿತೆಂದೂ ಹೇಳಿದ. ಪಾರ್ಲಿಮೆಂಟಿನ ಸಮಿತಿಯ ಮುಂದೆ ಹೋಗಿ, ಹಡಗಿನಲ್ಲಿ ಕಂಡದ್ದನ್ನೆಲ್ಲ ಹೇಳಿದ. ನನ್ನ ಲೆಕ್ಕದಲ್ಲಿ ಅವನ ಸಾಕ್ಷಿ ಅದು. ಅದರಲ್ಲಿ ಸಂತೋಷದ ಮಾತು ಕಡಿಮೆ.

ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯನೂ ಸುಂಕದವನೇ. ನಮ್ಮಲ್ಲಿ ಸುಂಕದವರ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಅನ್ನುತ್ತಾರೆ. ಇಲ್ಲಿ ಸುಂಕದವನೇ ಎದ್ದು ನಿಂತು ಲೆಕ್ಕ ಒಪ್ಪಿಸುತ್ತಾನೆ. ಯೇಸುವನ್ನು ಸಂತೋಷದಿಂದ ಮನೆಗೆ ಬರಮಾಡಿಕೊಂಡವನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎನ್ನುತ್ತಾನೆ. ರಕ್ಷಣೆಯ ಮಾತು ಯೇಸುವಿನ ಬಾಯಿಂದ ಬರುವುದು ಈ ಲೆಕ್ಕ ಆದ ಮೇಲೆ. ನಮ್ಮ ಸಾಕ್ಷಿಗಳು ಬರಮಾಡಿಕೊಂಡಲ್ಲಿಗೇ ನಿಲ್ಲುತ್ತವೆ.

ಇನ್ನು ಸಂತೋಷವೇ ಇಲ್ಲದವರ ಗತಿ? ಓಲ್ನಿಯಲ್ಲಿ ನ್ಯೂಟನ್‌ನ ನೆರೆಯವನು, ಕವಿ ವಿಲಿಯಂ ಕೂಪರ್. 1779ರ 'ಓಲ್ನಿ ಹಿಮ್ಸ್' ಇಬ್ಬರೂ ಸೇರಿ ಕಟ್ಟಿದ ಸಂಕಲನ. 'ಅಮೇಜಿಂಗ್ ಗ್ರೇಸ್' ಸಭೆಯ ಮುಂದೆ ಬಂದ ಆ ಜನವರಿಯಲ್ಲೇ ಕೂಪರ್‌ನ ಮನಸ್ಸು ಕುಸಿಯಿತು. ದೇವರು ತನ್ನನ್ನು ಕೈಬಿಟ್ಟನೆಂಬ ನಂಬಿಕೆ ಅವನನ್ನು 1800ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಆ ಬಳಿಕ ಅವನು ಆರಾಧನೆಗೆ ಹೋಗಲಿಲ್ಲ. ಹಾಡುಗಳನ್ನು ಮಾತ್ರ ಸಭೆಗಳು ಇಂದಿಗೂ ಹಾಡುತ್ತವೆ. ನ್ಯೂಟನ್ ಅವನಿಗೆ 'ನಂಬಿಕೆ ಸಾಲದು' ಎಂದು ಬುದ್ಧಿ ಹೇಳಿ ಕಳಿಸಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡ. ಖಿನ್ನತೆಗೆ ಬಿದ್ದವರ ಮುಂದೆ 'ಕರ್ತನಲ್ಲಿ ಸಂತೋಷಿಸಿರಿ' ಎಂದು ಉಪದೇಶಿಸಿ ಎದ್ದು ಹೋಗುವವರು ಆ ಮನೆಯನ್ನು ನೆನೆಯಲಿ.

'ಅಮೇಜಿಂಗ್ ಗ್ರೇಸ್' ಹಾಡುವವರು 1788ರ ಆ ಕಿರುಹೊತ್ತಿಗೆಯನ್ನೂ ಓದಬೇಕೆಂದು ನನ್ನ ಕೋರಿಕೆ. ದೊಡ್ಡದೇನಲ್ಲ, ಒಂದು ಸಂಜೆಗೆ ಮುಗಿಯುತ್ತದೆ.