ಮನೆಗೊಂದೇ ಚೀಲ: ಮಿತಿಯ ನ್ಯಾಯಾನ್ಯಾಯ

ಮಿತಿಯಿಲ್ಲದ ಸಂಗ್ರಹವನ್ನು ಜೈನಾಚಾರ್ಯರು ದೋಷವೆಂದು ಸಾರಿದರು. ಹಾಗೆಂದ ಮಾತ್ರಕ್ಕೆ ಅಂಗಡಿಯ ಬಾಗಿಲಿಗೆ ತೂಗುಹಾಕಿದ ಪ್ರತಿಯೊಂದು ಮಿತಿಯೂ ಧರ್ಮಸಮ್ಮತವಾಗುವುದೇ ಎಂಬುದು ವಿಚಾರಣೀಯ.

2023ರ ಜುಲೈ 20ರಂದು ಭಾರತ ಸರಕಾರವು ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ದೇಶದೊಳಗಿನ ಬೆಲೆಯನ್ನು ಹತೋಟಿಯಲ್ಲಿಡುವುದು ಅದರ ಉದ್ದೇಶ. ಕುಸುಬಲಕ್ಕಿಗೆ ಈ ನಿಷೇಧ ತಗುಲಲಿಲ್ಲ; ಗಂಗಾವತಿ, ಸಿಂಧನೂರುಗಳ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬೆಳೆಯುವ ಸೋನಾ ಮಸೂರಿಗೆ ತಗುಲಿತು. ಅಮೆರಿಕೆಯಲ್ಲಿ ನೆಲೆಸಿದ ಅನೇಕ ಕನ್ನಡ ಮನೆಗಳ ನಿತ್ಯದ ಅನ್ನ ಅದೇ. ಅಲ್ಲಿನ ಭಾರತೀಯ ದಿನಸಿ ಅಂಗಡಿಗಳ ಮುಂದೆ ಜನ ಸಾಲುಗಟ್ಟಿದರು, ಬೆಲೆ ಏರಿತು, ಕೆಲವು ಅಂಗಡಿಗಳು ಮನೆಗೊಂದೇ ಚೀಲವೆಂದು ಕಟ್ಟು ಮಾಡಿದವು. 2024ರ ಸೆಪ್ಟೆಂಬರಿನಲ್ಲಿ ನಿಷೇಧ ತೆರವಾಯಿತು. ಅದು ಎಬ್ಬಿಸಿದ ಪ್ರಶ್ನೆ ಮಾತ್ರ ತೆರವಾಗಿಲ್ಲ.

ಕಟ್ಟಿನ ಪರವಾದಿಗಳು ಹೇಳುವುದು ಸರಳ: ಮೊದಲು ಬಂದವನು ಹತ್ತು ಚೀಲ ಹೊತ್ತೊಯ್ದರೆ ಕೊನೆಗೆ ಬಂದವನು ಬರಿಗೈಯಲ್ಲಿ ಮರಳಬೇಕು. ಇದು ನಿಜ. ವಿರೋಧಿಗಳ ಮಾತೂ ಹುರುಳಿಲ್ಲದ್ದಲ್ಲ: ಹಣ ಕೊಟ್ಟು ಕೊಳ್ಳುವ ಗೃಹಸ್ಥನನ್ನು ದುರಾಶೆಯವನೆಂದು ಮೊದಲೇ ತೀರ್ಮಾನಿಸುವ ಅಧಿಕಾರ ಮಾರುವವನಿಗೆಲ್ಲಿಯದು?

ಇಲ್ಲಿ ಅಪರಿಗ್ರಹದ ಹೆಸರನ್ನು ಅವಸರದಿಂದ ಎಳೆದು ತರುವವರು ಶಾಸ್ತ್ರವನ್ನು ಪೂರ್ತಿ ನೋಡಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳಲ್ಲಿ ಅತಿಸಂಗ್ರಹವನ್ನೂ ಎಣಿಸುತ್ತದೆ. ಟೀಕಾಕಾರ ಪ್ರಭಾಚಂದ್ರರು ಅದನ್ನು ವಿವರಿಸುವ ಬಗೆ ಗಮನಾರ್ಹ: ಧಾನ್ಯವು ಮುಂದೆ ಹೆಚ್ಚಿನ ಲಾಭ ತರುವುದೆಂಬ ಲೋಭದಿಂದ ಅದನ್ನು ಮಿತಿಮೀರಿ ಕೂಡಿಡುವುದು ಅತಿಸಂಗ್ರಹ. ಅಂದರೆ ಆಪಾದನೆಯ ಬೆರಳು ಮೊದಲು ತೋರುವುದು ಲಾಭಕ್ಕೆಂದು ದಾಸ್ತಾನು ಮಾಡುವವನನ್ನು. ಮಕ್ಕಳ ಊಟಕ್ಕೆ ಎರಡನೆಯ ಚೀಲ ಕೇಳುವ ತಾಯಿಯನ್ನಲ್ಲ. ಕೊಳ್ಳುವವನಿಗೆ ಒಂದೇ ಚೀಲವೆಂದು ಕಟ್ಟು ವಿಧಿಸಿ, ಅದೇ ಚೀಲದ ಬೆಲೆಯನ್ನು ಕೊರತೆಯ ನೆಪದಲ್ಲಿ ಏರಿಸುವ ವ್ಯಾಪಾರಿಯು ವ್ರತವನ್ನು ಪರರಿಗೆ ಹೊರಿಸಿ ಅತಿಚಾರವನ್ನು ತಾನು ಇಟ್ಟುಕೊಂಡಂತೆ. ಹಳೆಯ ಬೆಲೆಗೇ ಮಾರಿ ಮಿತಿಯನ್ನು ಪಾಲಿಸಿದವನ ಮಾತು ಬೇರೆ. ಅವನ ನಡೆ ನಿಜಕ್ಕೂ ಹಂಚಿ ಉಣ್ಣುವ ಧರ್ಮ.

ಇನ್ನೊಂದು ದೋಷ ಅಳತೆಯದು. ‘ಮನೆ’ ಎಂಬುದು ಹಸಿವಿನ ಅಳತೆಯಲ್ಲ. ಇಬ್ಬರ ಮನೆಗೂ ಎಂಟು ಮಂದಿಯ ಮನೆಗೂ ಒಂದೇ ಚೀಲವೆಂದರೆ ಅದು ಸಮಾನತೆಯಂತೆ ತೋರುವ ಅಸಮಾನತೆ. ಈ ತೊಡಕು ದೂರ ದೇಶದ್ದಷ್ಟೇ ಅಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಆದ್ಯತಾ ಕುಟುಂಬಗಳಿಗೆ ತಲೆಗೆ 5 ಕಿಲೋ ಧಾನ್ಯವನ್ನು ಗೊತ್ತುಪಡಿಸಿದರೆ, ಕಡುಬಡವರ ಅಂತ್ಯೋದಯ ಚೀಟಿಗೆ ಮನೆಗೆ 35 ಕಿಲೋ ಎಂದಿತು. ಆ ಮನೆಯಲ್ಲಿ ಎಂಟನೆಯ ಜೀವ ಹುಟ್ಟಿದರೆ ತಲೆಯ ಪಾಲು 5 ಕಿಲೋಗಿಂತ ಕೆಳಗಿಳಿಯುತ್ತದೆ.

ಅದೇ 2023ರ ಬೇಸಗೆಯ ಕೊನೆಗೆ ಇತ್ತ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪಡಿತರದಾರರಿಗೂ ಅಕ್ಕಿಯ ಬಾಗಿಲು ಅರ್ಧ ಮುಚ್ಚಿತು. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋಗೆ ಬೇಕಾದ ಅಕ್ಕಿಯನ್ನು ಕೇಂದ್ರದ ದಾಸ್ತಾನಿನಿಂದ ಕೊಳ್ಳಲು ರಾಜ್ಯಕ್ಕೆ ಅವಕಾಶ ಸಿಗಲಿಲ್ಲ. ಜುಲೈಯಿಂದ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಹಣ ಸಂದಿತು. 2025ರ ಫೆಬ್ರವರಿಯಲ್ಲಿ ಹಣಕ್ಕೆ ಬದಲಾಗಿ ಅಕ್ಕಿಯನ್ನೇ ಕೊಡುವ ತೀರ್ಮಾನವಾಯಿತು. ಬೆಲೆ ತಗ್ಗಿಸುವ ಒಂದೇ ಕಾರಣವು ಸಾಗರದಾಚೆಯ ಉಳ್ಳವರನ್ನೂ ಎರೆಭೂಮಿಯ ಕೂಲಿಯವರನ್ನೂ ತಡೆಯಿತು. ಮೊದಲಿನವರಿಗೆ ಅದು ಕಿರುಕುಳ. ಎರಡನೆಯವರಿಗೆ ಒಲೆಯ ಪ್ರಶ್ನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ.

ಹಾಗಾದರೆ ಸಲ್ಲುವ ಮಿತಿ ಯಾವುದು? ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘ ಹುಟ್ಟಿತು. ನಿಯಮಕ್ಕೆ ಒಳಪಡುವವರೇ ಕೂಡಿ ಕುಳಿತು ನಿಯಮ ಮಾಡಿಕೊಳ್ಳುವುದು ಸಹಕಾರದ ತಿರುಳು. ವ್ರತದ ಸ್ವರೂಪವೂ ಇದಕ್ಕೆ ದೂರವಲ್ಲ: ಶ್ರಾವಕನು ತನ್ನ ಪರಿಮಾಣವನ್ನು ತಾನೇ ಗೊತ್ತುಪಡಿಸಿಕೊಳ್ಳುತ್ತಾನೆ. ಕೊರತೆಯ ದಿನಗಳಲ್ಲಿ ಅಂಗಡಿಕಾರನು ಮಿತಿ ಹೇರಲೇಬೇಕಾದರೆ ದಾಸ್ತಾನು ಎಷ್ಟಿದೆಯೆಂದು ತೆರೆದು ಹೇಳಲಿ, ತಲೆ ಎಣಿಸಿ ಅಳೆಯಲಿ, ಬೆಲೆಗೂ ಅದೇ ಮಿತಿ ಹಾಕಿಕೊಳ್ಳಲಿ. ಈ ಮೂರೂ ಇಲ್ಲದ ಕಟ್ಟಳೆಗೆ ಅಪರಿಗ್ರಹವೆಂಬ ಹೆಸರು ಸಲ್ಲದು.